ದೋಷವೃಕ್ಷದ ಗಣಿತ

ಯಂತ್ರವೊಂದು ಕೆಟ್ಟು ನಿಂತ ಮೇಲೆ ಅದು ಏಕೆ ಕೆಟ್ಟಿತೆಂದು ವಿಚಾರಿಸುವುದು ಲೋಕರೂಢಿ. ಕೆಡುವುದಕ್ಕೆ ಮೊದಲೇ, ಅದು ಯಾವ ಯಾವ ಬಗೆಯಲ್ಲಿ ಕೆಡಬಹುದು, ಅವುಗಳಲ್ಲಿ ಯಾವುದು ಎಷ್ಟರಮಟ್ಟಿಗೆ ಸಂಭವನೀಯ ಎಂದು ಲೆಕ್ಕ ಹಾಕುವ ಪದ್ಧತಿಯೊಂದುಂಟು. ಇಂಗ್ಲಿಷಿನಲ್ಲಿ ಅದಕ್ಕೆ ಫಾಲ್ಟ್ ಟ್ರೀ ಅನಾಲಿಸಿಸ್ ಎಂದು ಹೆಸರು. ನಾವು ದೋಷವೃಕ್ಷ ವಿಶ್ಲೇಷಣೆ ಎನ್ನಬಹುದು. ವಿಮಾನ, ಕ್ಷಿಪಣಿ, ರಾಸಾಯನಿಕ ಕಾರ್ಖಾನೆ, ಅಣುವಿದ್ಯುತ್ ಸ್ಥಾವರ ಇವುಗಳ ಸುರಕ್ಷತೆಯ ಕುರಿತು ತಜ್ಞರು ಹೇಳುವ ಅಂಕೆಗಳು ಬಹುಮಟ್ಟಿಗೆ ಈ ವೃಕ್ಷದ ಫಲಗಳೇ.

ಪುತ್ತೂರಿನವರಾದ ನಮಗೆ ಈ ವಿಷಯದಲ್ಲಿ ಆಸಕ್ತಿ ಹುಟ್ಟಲು ಒಂದು ವಿಶೇಷ ಕಾರಣವೂ ಇದೆ. ಇಲ್ಲಿನ ಬಾಲವನದಲ್ಲಿ ದಶಕಗಳ ಕಾಲ ಬಾಳಿದ ಡಾ. ಶಿವರಾಮ ಕಾರಂತರು ತಮ್ಮ ಇಳಿವಯಸ್ಸಿನಲ್ಲಿ ಕೈಗಾ ಅಣುಸ್ಥಾವರವನ್ನು ವಿರೋಧಿಸಿ, 1989ರ ಲೋಕಸಭಾ ಚುನಾವಣೆಯಲ್ಲಿ ಉತ್ತರ ಕನ್ನಡದಿಂದ ಸ್ಪರ್ಧೆಗೇ ನಿಂತರು. ಗೆಲ್ಲಲಿಲ್ಲ. ಇಂಥ ವಾದಗಳಲ್ಲಿ ಒಂದು ಪಕ್ಷದವರು ‘ಅಪಘಾತದ ಸಂಭವ ಲಕ್ಷದಲ್ಲಿ ಒಂದು’ ಎನ್ನುತ್ತಾರೆ; ಇನ್ನೊಂದು ಪಕ್ಷದವರು ಆ ಮಾತನ್ನು ನಂಬುವುದಿಲ್ಲ. ಆ ‘ಲಕ್ಷದಲ್ಲಿ ಒಂದು’ ಎಲ್ಲಿಂದ ಹುಟ್ಟಿತೆಂಬುದನ್ನು ಮಾತ್ರ ಇಬ್ಬರಲ್ಲಿ ಯಾರೂ ನಮ್ಮಂಥವರಿಗೆ ಬಿಡಿಸಿ ಹೇಳುವುದು ಅಪರೂಪ. ಅದನ್ನು ಬಿಡಿಸಿ ನೋಡುವುದೇ ಈ ಲೇಖನದ ಉದ್ದೇಶ. ಕಲಾ ವಿಭಾಗದ ಮಿತ್ರರು ಶೀರ್ಷಿಕೆಯನ್ನು ಕಂಡು ಹಾಳೆ ಮಗುಚಬಾರದಾಗಿ ವಿನಂತಿ. ಕೂಡಿಸಲು, ಗುಣಿಸಲು ಬಂದರೆ ಸಾಕು.

ಈ ವಿದ್ಯೆಯ ಬೇರು ಹಳೆಯದು. ಜಾರ್ಜ್ ಬೂಲ್ ಎಂಬ ಗಣಿತಜ್ಞನು 1854ರಲ್ಲಿ, ‘ಮತ್ತು’, ‘ಅಥವಾ’, ‘ಅಲ್ಲ’ ಎಂಬ ಮೂರು ಮಾತುಗಳನ್ನೇ ಚಿಹ್ನೆಗಳನ್ನಾಗಿಸಿ ತರ್ಕಕ್ಕೆ ಒಂದು ಬೀಜಗಣಿತವನ್ನು ರಚಿಸಿಕೊಟ್ಟನು. ಬಹುಕಾಲ ಅದು ತತ್ತ್ವಶಾಸ್ತ್ರದವರ ಕಪಾಟಿನಲ್ಲಿಯೇ ಇತ್ತೆನ್ನಬೇಕು. 1938ರಲ್ಲಿ ಕ್ಲಾಡ್ ಶ್ಯಾನನ್ ಅದನ್ನು ವಿದ್ಯುತ್ ಸ್ವಿಚ್ಚುಗಳ ಜಾಲಕ್ಕೆ ಅನ್ವಯಿಸಿ ತೋರಿಸಿದನು. 1960ರ ದಶಕದ ಆರಂಭದಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದ ಎಚ್. ಎ. ವಾಟ್ಸನ್, ಮಿನಿಟ್‌ಮನ್ ಎಂಬ ಕ್ಷಿಪಣಿಯು ಬೇಡದಿದ್ದಾಗ ಹಾರಿಬಿಡುವ ಅಪಾಯವನ್ನು ಪರಿಶೀಲಿಸುತ್ತ ಮೊದಲ ದೋಷವೃಕ್ಷವನ್ನು ಬರೆದನು. ಬೋಯಿಂಗ್ ಕಂಪೆನಿಯವರು ಅದನ್ನು ಬೆಳೆಸಿದರು. 1975ರಲ್ಲಿ ನಾರ್ಮನ್ ರಾಸ್ಮುಸೆನ್ ನೇತೃತ್ವದ ಅಧ್ಯಯನವು ಅಣುಸ್ಥಾವರಗಳಿಗೆ ಇದೇ ಪದ್ಧತಿಯನ್ನು ಹೂಡಿ, ಒಲೆಯ ತಿರುಳು ಕರಗುವಂಥ ಅಪಘಾತವು ಒಂದು ಸ್ಥಾವರದಲ್ಲಿ 20,000 ವರ್ಷಗಳಿಗೊಮ್ಮೆ ಎಂಬಷ್ಟು ವಿರಳವೆಂದು ಹೇಳಿತು.

ಇನ್ನು ವೃಕ್ಷದ ವಿಚಾರ. ಇದು ತಲೆಕೆಳಗಾದ ಮರ. ಗೀತೆಯಲ್ಲಿ ಬರುವ ಅಶ್ವತ್ಥದಂತೆ ಬೇರು ಮೇಲೆ, ಕೊಂಬೆಗಳು ಕೆಳಗೆ. ಯಾವ ಅನಿಷ್ಟವು ಆಗಬಾರದೆಂದು ನಾವು ಬಯಸುತ್ತೇವೆಯೋ ಅದನ್ನು ಹಾಳೆಯ ಮೇಲ್ತುದಿಯಲ್ಲಿ ಬರೆಯಬೇಕು. ‘ಇದು ಆಗಬೇಕಾದರೆ ಏನಾಗಿರಬೇಕು?’ ಎಂದು ಕೇಳಿ ಉತ್ತರವನ್ನು ಅದರ ಕೆಳಗೆ ಬರೆಯಬೇಕು. ಪ್ರತಿ ಉತ್ತರಕ್ಕೂ ಅದೇ ಪ್ರಶ್ನೆ. ಇನ್ನು ಬಿಡಿಸಿ ಫಲವಿಲ್ಲ ಎನ್ನುವಲ್ಲಿ ನಿಲ್ಲಬೇಕು; ಅಲ್ಲಿರುವವು ಮೂಲ ಘಟನೆಗಳು. ಕೊಂಬೆ ಕವಲೊಡೆಯುವ ಜಾಗದಲ್ಲಿ ಒಂದೊಂದು ದ್ವಾರವಿರುತ್ತದೆ. ಕೆಳಗಿನ ಕಾರಣಗಳಲ್ಲಿ ಯಾವುದಾದರೊಂದೇ ಸಾಕೆಂದಾದರೆ ಅದು ‘ಅಥವಾ’ ದ್ವಾರ. ಎಲ್ಲವೂ ಒಟ್ಟಾಗಬೇಕಾದರೆ ‘ಮತ್ತು’ ದ್ವಾರ. ‘ಅಥವಾ’ವನ್ನು ಕೂಡಿಸುವ ಚಿಹ್ನೆಯಿಂದಲೂ ‘ಮತ್ತು’ವನ್ನು ಗುಣಿಸುವ ಚಿಹ್ನೆಯಿಂದಲೂ ಬರೆಯುವುದು ವಾಡಿಕೆ.

ಕ್ಷಿಪಣಿಯನ್ನು ಬಿಟ್ಟು ನಮ್ಮ ಅಡಿಕೆ ತೋಟಕ್ಕೆ ಬರೋಣ. ಒಬ್ಬ ಕೃಷಿಕರ ತೋಟದಲ್ಲಿ ಒಂದು ತೆರೆದ ಬಾವಿ, ಒಂದು ಕೊಳವೆ ಬಾವಿ ಇವೆ. ಎರಡಕ್ಕೂ ವಿದ್ಯುತ್ ಪಂಪು ಇದೆ. ಒಂದು ಪಂಪು ಕೆಟ್ಟರೆ ಇನ್ನೊಂದಿರಲಿ ಎಂಬುದು ಅವರ ಎಣಿಕೆ. ಬೇಸಗೆಯ ಒಂದು ದಿನ ನೀರು ಬಿಡುವ ಹೊತ್ತಿಗೆ ‘ತೋಟಕ್ಕೆ ನೀರಿಲ್ಲ’ ಎಂಬುದೇ ನಮ್ಮ ಮೇಲ್ತುದಿಯ ಘಟನೆ. ಅದನ್ನು ‘ನ’ ಎನ್ನೋಣ. ವಿದ್ಯುತ್ ಇಲ್ಲದಿರುವುದು ‘ವ’, ಬಾವಿಯ ಪಂಪು ಕೆಟ್ಟಿರುವುದು ‘ಬ’, ಕೊಳವೆ ಬಾವಿಯ ಪಂಪು ಕೆಟ್ಟಿರುವುದು ‘ಕ’. ಬಾವಿಯಿಂದ ನೀರು ಬಾರದಿರಲು ವ ಅಥವಾ ಬ ಸಾಕು. ಕೊಳವೆ ಬಾವಿಯಿಂದ ಬಾರದಿರಲು ವ ಅಥವಾ ಕ ಸಾಕು. ತೋಟಕ್ಕೆ ನೀರೇ ಇಲ್ಲವಾಗಲು ಎರಡೂ ಕಡೆ ನಿಲ್ಲಬೇಕು. ಆದ್ದರಿಂದ,

ನ = (ವ + ಬ) × (ವ + ಕ)

ಲೆಕ್ಕಕ್ಕಾಗಿ ಅಂಕೆಗಳನ್ನು ಊಹಿಸಿಕೊಳ್ಳೋಣ: ವ ಸಂಭವಿಸುವುದು ಹತ್ತರಲ್ಲಿ ಒಂದು ಸಲ, ಬ ಮತ್ತು ಕ ಇಪ್ಪತ್ತರಲ್ಲಿ ಒಂದೊಂದು ಸಲ. ವ ಅಥವಾ ಬ ಆಗುವ ಸಂಭವವೆಂದರೆ ಎರಡನ್ನೂ ಕೂಡಿಸಿ, ಎರಡೂ ಒಟ್ಟಿಗೆ ಆಗುವುದನ್ನು ಎರಡು ಸಲ ಎಣಿಸಿರುವುದರಿಂದ ಒಮ್ಮೆ ಕಳೆಯಬೇಕು: 0.1 + 0.05 − 0.005 = 0.145. ಇನ್ನೊಂದು ಕವಲಿಗೂ ಅಷ್ಟೇ. ನಡುವೆ ‘ಮತ್ತು’ ದ್ವಾರವಿರುವುದರಿಂದ ಎರಡನ್ನೂ ಗುಣಿಸಿದರೆ 0.021, ನೂರು ದಿನಕ್ಕೆ ಎರಡು ದಿನ ಮಾತ್ರ ತೊಂದರೆ. ಈ ಉತ್ತರ ಬಹಳ ಸಮಾಧಾನಕರವಾಗಿದೆ. ಆದರೆ ಶುದ್ಧ ತಪ್ಪು.

ತಪ್ಪೆಲ್ಲಿ? ಬೂಲನ ಬೀಜಗಣಿತದಲ್ಲಿ ಒಂದು ವಿಚಿತ್ರ ನಿಯಮವಿದೆ: ವ × ವ = ವ. ಶಾಲೆಯ ಬೀಜಗಣಿತದಲ್ಲಿ ವ × ವ ಎಂದರೆ ವ ವರ್ಗ. ಇಲ್ಲಿ ಹಾಗಲ್ಲ. ‘ಕರೆಂಟಿಲ್ಲ, ಮತ್ತು ಕರೆಂಟಿಲ್ಲ’ ಎಂದು ಎರಡು ಸಲ ಹೇಳಿದರೂ ಹೋದ ಕರೆಂಟು ಒಂದೇ. ಅದರ ಸಂಭವ ಹತ್ತರಲ್ಲಿ ಒಂದಾಗಿಯೇ ಉಳಿಯುತ್ತದೆ, ನೂರರಲ್ಲಿ ಒಂದಾಗುವುದಿಲ್ಲ. ಇನ್ನೊಂದು ನಿಯಮ: ವ + (ವ × ಕ) = ವ. ಕರೆಂಟು ಹೋದದ್ದೇ ಸಾಕಾಗಿರುವಾಗ, ಜೊತೆಗೆ ಪಂಪೂ ಕೆಟ್ಟಿತ್ತೆನ್ನುವುದು ಹೊಸ ಸಂಗತಿಯಲ್ಲ. ಮೊದಲನೆಯ ನಿಯಮದಿಂದ ಪುನರುಕ್ತಿ ಹೋಗುತ್ತದೆ, ಎರಡನೆಯದು ಅನಾವಶ್ಯಕವಾದದ್ದನ್ನು ನುಂಗಿಬಿಡುತ್ತದೆ. ಇವೆರಡನ್ನೂ ಬಳಸಿ ಮೇಲಿನ ಸಮೀಕರಣವನ್ನು ಬಿಡಿಸಿದರೆ,

ನ = ವವ + ವಕ + ವಬ + ಬಕ = ವ + ಬಕ

ಎಂದಾಗುತ್ತದೆ. ಈಗ ಲೆಕ್ಕ ಹಾಕಿ: 0.1 + 0.0025 − 0.00025 = 0.10225. ನೂರು ದಿನಕ್ಕೆ ಹತ್ತು ದಿನ! ಮೊದಲಿನ ಉತ್ತರಕ್ಕಿಂತ ಸುಮಾರು ಐದು ಪಾಲು ಹೆಚ್ಚು. ಒಂದೇ ಪಂಪಿದ್ದಾಗ ಹದಿನಾಲ್ಕೂವರೆ ದಿನ ಇದ್ದದ್ದು ಎರಡನೆಯ ಪಂಪಿನಿಂದ ಹತ್ತಕ್ಕಿಳಿಯಿತು, ಅಷ್ಟೆ. ಬೂಲನ ಒಂದು ಸಣ್ಣ ನಿಯಮವನ್ನು ಮರೆತರೆ ಕಾಗದದ ಮೇಲೆ ಎಂಥ ಸುಖವನ್ನು ಕಾಣಬಹುದೆಂಬುದು ಇದರಿಂದ ತಿಳಿಯುವುದಷ್ಟೆ.

‘ವ’ ಒಂದೇ, ಅಥವಾ ‘ಬ’ ‘ಕ’ ಜೊತೆಯಾಗಿ: ಹೀಗೆ ಅನಿಷ್ಟವನ್ನು ತರಲು ಸಾಕಾಗುವ, ಇದ್ದವರಲ್ಲಿ ಒಬ್ಬನನ್ನು ಬಿಟ್ಟರೂ ಸಾಲದಾಗುವ ಗುಂಪುಗಳಿಗೆ ಕನಿಷ್ಠ ಛೇದಗಣಗಳೆಂದು ಹೆಸರಿಡಬಹುದು. ಎಷ್ಟು ದೊಡ್ಡ ಮರವಾದರೂ ಕೊನೆಗೆ ಇಂಥ ಗುಂಪುಗಳ ಪಟ್ಟಿಯಾಗಿ ಇಳಿಯುತ್ತದೆ. ನನ್ನ ಮಟ್ಟಿಗೆ ಈ ಪದ್ಧತಿಯ ನಿಜವಾದ ಉಪಕಾರ ಇಲ್ಲಿಯೇ ಇದೆ, ಅಂಕೆಯಲ್ಲಿ ಅಲ್ಲ. ಒಬ್ಬನೇ ಸದಸ್ಯನಿರುವ ಗುಂಪು ಪಟ್ಟಿಯಲ್ಲಿ ಕಂಡರೆ, ಇಡೀ ವ್ಯವಸ್ಥೆ ಆ ಒಂದು ಎಳೆಯಿಂದ ನೇತಾಡುತ್ತಿದೆಯೆಂದು ಲೆಕ್ಕವಿಲ್ಲದೆಯೇ ಗೊತ್ತಾಗುತ್ತದೆ.

ನಮ್ಮ ಕೃಷಿಕರು ಈಗ ಬಾವಿಯ ಪಂಪಿಗೆ ಒಂದು ಡೀಸೆಲ್ ಜನರೇಟರನ್ನು ತಂದರೆನ್ನಿ. ಅದು ಬೇಕಾದಾಗ ಹೊರಡದಿರುವುದು ‘ಡ’. ಸಂಭವ ಹತ್ತರಲ್ಲಿ ಒಂದು. ಬಾವಿಯ ಕಡೆ ನೀರು ನಿಲ್ಲಬೇಕಾದರೆ ಈಗ ಪಂಪು ಕೆಡಬೇಕು, ಇಲ್ಲವೇ ಕರೆಂಟು ಮತ್ತು ಜನರೇಟರು ಎರಡೂ ಕೈಕೊಡಬೇಕು. ನ = (ವಡ + ಬ) × (ವ + ಕ). ಬಿಡಿಸಿ, ನುಂಗಿಸಿದ ಮೇಲೆ ಉಳಿಯುವುದು ವಡ + ವಬ + ಬಕ. ಏಕಸದಸ್ಯ ಗುಂಪು ಮಾಯವಾಯಿತು. ಮೂರನ್ನೂ ಸುಮ್ಮನೆ ಕೂಡಿಸಿದರೆ 0.01 + 0.005 + 0.0025 = 0.0175. ಒಂದಕ್ಕಿಂತ ಹೆಚ್ಚು ಗುಂಪುಗಳು ಒಟ್ಟಿಗೆ ಸಂಭವಿಸುವುದನ್ನು ಕಳೆದು ಕೂಡಿ ಕಟ್ಟುನಿಟ್ಟಾಗಿ ಎಣಿಸಿದರೆ 0.01675. ಸಂಭವಗಳು ಚಿಕ್ಕವಾಗಿರುವಾಗ ಸುಮ್ಮನೆ ಕೂಡಿಸಿದರೂ ಹೆಚ್ಚು ದೋಷವಿಲ್ಲವೆಂದು ಇದರಿಂದ ತಿಳಿಯುತ್ತದೆ. ದೋಷ ಬಂದರೂ ಅದು ಭಯವನ್ನು ಹೆಚ್ಚಿಸುವ ಕಡೆಗೆ, ಆದ್ದರಿಂದ ಕ್ಷಮ್ಯ. ಸಾವಿರಾರು ಗುಂಪುಗಳಿರುವ ದೊಡ್ಡ ಮರಗಳಲ್ಲಿ ಇಂಜಿನಿಯರರು ಇಷ್ಟರಲ್ಲಿಯೇ ತೃಪ್ತಿಪಡುವುದುಂಟು.

‘ಹತ್ತರಲ್ಲಿ ಒಂದು’ ಎಂಬಂಥ ಮೂಲ ಅಂಕೆಗಳು ಎಲ್ಲಿಂದ ಬರುತ್ತವೆಯೆಂದು ಕೇಳಬಹುದು. ಹಳೆಯ ದಾಖಲೆಗಳಿಂದ. ಜನರೇಟರಿನಂತೆ ಸುಮ್ಮನೆ ಕುಳಿತಿರುವ ಯಂತ್ರದ ವಿಷಯದಲ್ಲಿ ಒಂದು ಸ್ವಾರಸ್ಯವಿದೆ. ಅದು ಕೆಟ್ಟದ್ದು ಪರೀಕ್ಷಿಸುವ ತನಕ ತಿಳಿಯದು. ಸರಾಸರಿ ಇಪ್ಪತ್ತು ತಿಂಗಳಿಗೊಮ್ಮೆ ಕೆಡುವ ಯಂತ್ರವನ್ನು ನಾಲ್ಕು ತಿಂಗಳಿಗೊಮ್ಮೆ ಓಡಿಸಿ ನೋಡುವುದಾದರೆ, ಅಷ್ಟರಲ್ಲಿ ಅದು ಕೆಡುವ ಸಂಭವ ಸ್ಥೂಲವಾಗಿ ಐದರಲ್ಲಿ ಒಂದು. ಕೆಟ್ಟಿದ್ದರೆ ಸರಾಸರಿಯಲ್ಲಿ ಅರ್ಧ ಅವಧಿ ಹಾಗೆಯೇ ಬಿದ್ದಿರುತ್ತದೆ. ಆದ್ದರಿಂದ ಬೇಕಾದಾಗ ಒದಗದ ಸಂಭವ ಹತ್ತರಲ್ಲಿ ಒಂದು. ಎರಡು ತಿಂಗಳಿಗೊಮ್ಮೆ ಓಡಿಸಿ ನೋಡಿದರೆ ಇಪ್ಪತ್ತರಲ್ಲಿ ಒಂದು. ಈ ಅಂಕೆಯನ್ನು ಮೇಲಿನ ಮರದಲ್ಲಿಟ್ಟರೆ 0.01675 ಇದ್ದದ್ದು 0.012ಕ್ಕೆ ಇಳಿಯುತ್ತದೆ. ಒಂದು ಕಾಸಿನ ಹೊಸ ಯಂತ್ರವಿಲ್ಲದೆ, ಹೆಚ್ಚು ಸಲ ಹಗ್ಗ ಎಳೆದು ನೋಡಿದ್ದರಿಂದ ಬಂದ ಲಾಭವಿದು.

ಇಷ್ಟರವರೆಗೆ ಗಣಿತವು ನಮ್ಮ ಕೈಹಿಡಿದು ನಡೆಸಿತು. ಆದರೆ ನಾವು ವ ಮತ್ತು ಡಗಳನ್ನು ಗುಣಿಸುವಾಗ ಒಂದು ದೊಡ್ಡ ಮಾತನ್ನು ಸದ್ದಿಲ್ಲದೆ ಒಪ್ಪಿಕೊಂಡಿದ್ದೇವೆ: ಅವೆರಡೂ ಪರಸ್ಪರ ಸ್ವತಂತ್ರ, ಒಂದು ಕೆಟ್ಟದ್ದರಿಂದ ಇನ್ನೊಂದರ ಕೇಡಿನ ಸಂಭವ ಹೆಚ್ಚಾಗದು ಎಂದು. ಗುಣಾಕಾರದ ಅಧಿಕಾರ ದೊರೆಯುವುದು ಆ ಒಪ್ಪಿಗೆಯಿಂದ. ಅದು ಸುಳ್ಳಾದರೆ ಗುಣಾಕಾರವೂ ಸುಳ್ಳು.

ನಮ್ಮ ಕಡೆಯವರಿಗೆ ಇದು ಅನುಭವದ ಮಾತು. ಪುತ್ತೂರು, ಸುಳ್ಯ, ಕಡಬದ ಕಡೆಯಿಂದ ಬೆಂಗಳೂರಿಗೆ ಹೋಗಲು, ಸುತ್ತುದಾರಿಗಳನ್ನು ಬಿಟ್ಟರೆ, ಶಿರಾಡಿ ಘಾಟಿಯ ರಸ್ತೆ, ಸಂಪಾಜೆಯಿಂದ ಮಡಿಕೇರಿ ಹತ್ತುವ ರಸ್ತೆ, ಸುಬ್ರಹ್ಮಣ್ಯ–ಸಕಲೇಶಪುರದ ರೈಲು, ಹೀಗೆ ಮೂರು ದಾರಿ. ಮಳೆಗಾಲದ ಒಂದು ದಿನ ಪ್ರತಿಯೊಂದೂ ಮುಚ್ಚಿರುವ ಸಂಭವ ನೂರರಲ್ಲಿ ಒಂದೆಂದು ಇಟ್ಟುಕೊಳ್ಳೋಣ. ಮೂರೂ ಒಂದೇ ದಿನ ಮುಚ್ಚುವುದು, ಗುಣಿಸಿದರೆ, ಹತ್ತು ಲಕ್ಷದಲ್ಲಿ ಒಂದು. ವರ್ಷಕ್ಕೆ ಮಳೆಗಾಲದ 120 ದಿನವೆಂದರೆ ಎಂಟು ಸಾವಿರ ವರ್ಷಕ್ಕೂ ಮಿಕ್ಕಿ ಒಮ್ಮೆ! ಆದರೆ 2018ರ ಆಗಸ್ಟಿನಲ್ಲಿ ಶಿರಾಡಿಯಲ್ಲಿ ಸಂಚಾರ ನಿಂತಿತು; ಜೋಡುಪಾಲ, ಮದೆನಾಡು ಕಡೆಗಳಲ್ಲಿ ಗುಡ್ಡ ಜರಿದು ಸಂಪಾಜೆಯ ದಾರಿ ಕಡಿಯಿತು; ಘಾಟಿಯಲ್ಲಿ ರೈಲುಹಳಿಯ ಮೇಲೆ ಮಣ್ಣು ಕುಸಿದು ಗಾಡಿಗಳು ನಿಂತವು. ಎಂಟು ಸಾವಿರ ವರ್ಷದ ಪಾಳಿ ನಮ್ಮ ಕಾಲಕ್ಕೇ ಬಂತೆಂದು ತಿಳಿಯಬೇಕೆ? ಹಾಗಲ್ಲ. ದಾರಿ ಮೂರಾದರೂ ಮಳೆ ಒಂದೇ, ಬೆಟ್ಟಸಾಲು ಒಂದೇ. ಮರದ ಮೂರು ಕೊಂಬೆಗಳಲ್ಲಿ ಮೂರು ಬೇರೆ ಹೆಸರು ಬರೆದಿದ್ದರೂ ಅವುಗಳ ಒಳಗೆ ‘ವ’ ಇದ್ದಂತೆ ಒಂದೇ ಅಕ್ಷರ ಅಡಗಿತ್ತು. ವ × ವ × ವ = ವ ಎಂಬ ಬೂಲನ ನಿಯಮ ಇಲ್ಲಿಯೂ ಸಲ್ಲುತ್ತದೆ; ಆದರೆ ಅಡಗಿದ ಅಕ್ಷರವನ್ನು ಕಂಡುಹಿಡಿಯುವುದು ಗಣಿತದ ಕೆಲಸವಲ್ಲ, ಮರ ಬರೆಯುವವನ ಕೆಲಸ.

ಇದಕ್ಕೆ ಸಮಾನಕಾರಣದ ವೈಫಲ್ಯವೆಂದು ಹೆಸರು. ಇದನ್ನು ಲೆಕ್ಕಕ್ಕೆ ಹಿಡಿಯಲು 1970ರ ದಶಕದಲ್ಲಿ ಬೀಟಾ ಗುಣಕವೆಂಬ ಸರಳ ಉಪಾಯವೊಂದು ಬಳಕೆಗೆ ಬಂತು. ಯಂತ್ರವೊಂದರ ಕೇಡುಗಳಲ್ಲಿ ಇಷ್ಟು ಪಾಲು, ಜೊತೆಯ ಯಂತ್ರಗಳನ್ನೂ ಒಟ್ಟಿಗೆ ಕೆಡಿಸುವಂಥವು ಎಂದು ಮೊದಲೇ ಬದಿಗಿಡುವುದೇ ಆ ಉಪಾಯ. ಮೂರು ಜನರೇಟರುಗಳಿವೆ, ಪ್ರತಿಯೊಂದೂ ಕೈಕೊಡುವುದು ನೂರರಲ್ಲಿ ಒಂದು ಸಲ. ಸ್ವತಂತ್ರವೆಂದು ನಂಬಿದರೆ ಮೂರೂ ಒಟ್ಟಿಗೆ ಕೈಕೊಡುವುದು ಹತ್ತು ಲಕ್ಷದಲ್ಲಿ ಒಂದು. ಬೀಟಾ ಹತ್ತರಲ್ಲಿ ಒಂದೆಂದು ಹಿಡಿದರೆ ಸಾವಿರದಲ್ಲಿ ಒಂದು. ಸಾವಿರ ಪಾಲು ವ್ಯತ್ಯಾಸ! ನಾಲ್ಕನೆಯ ಜನರೇಟರನ್ನು ತಂದಿಟ್ಟರೂ ಆ ಸಾವಿರದಲ್ಲಿ ಒಂದು ಹೆಚ್ಚುಕಡಮೆ ಅಲ್ಲಿಯೇ ನಿಲ್ಲುತ್ತದೆ.

ಈ ಗಣಿತಕ್ಕೆ ಭಾರತದಲ್ಲಿ ಒಂದು ಕಠಿನ ನಿದರ್ಶನ ದೊರೆತದ್ದು ಉತ್ತರ ಪ್ರದೇಶದ ನರೋರಾ ಅಣುಸ್ಥಾವರದಲ್ಲಿ, 1993ರ ಮಾರ್ಚ್ 31ರ ನಸುಕಿನಲ್ಲಿ. ಕೈಗಾದಲ್ಲಿರುವುದೂ ಅದೇ ಜಾತಿಯ, 220 ಮೆಗಾವಾಟಿನ ಭಾರಜಲದ ಸ್ಥಾವರಗಳೇ ಆದ್ದರಿಂದ ಇದು ನಮಗೆ ದೂರದ ಸುದ್ದಿಯಲ್ಲ. ಮೊದಲನೆಯ ಘಟಕದ ಟರ್ಬೈನಿನ ಎರಡು ಅಲಗುಗಳು ಮುರಿದವು. ಅದರ ಅದುರಾಟಕ್ಕೆ ಜನರೇಟರನ್ನು ತಂಪಾಗಿಡುವ ಜಲಜನಕ ಅನಿಲವು ಹೊರಬಿದ್ದು ಹೊತ್ತಿಕೊಂಡಿತು, ಎಣ್ಣೆಯೂ ಉರಿಯಿತು. ಇಂಥ ಸ್ಥಾವರಕ್ಕೆ ಹೊರಗಿನ ಜಾಲದ ವಿದ್ಯುತ್ತು, ಡೀಸೆಲ್ ಜನರೇಟರುಗಳ ವಿದ್ಯುತ್ತು, ಬ್ಯಾಟರಿ ಎಂದು ಹಲವು ಪದರಗಳ ಆಸರೆಯಿರುತ್ತದೆ. ಮರದ ಮೇಲೆ ಅವೆಲ್ಲ ‘ಮತ್ತು’ ದ್ವಾರದ ಕೆಳಗಿನ ಬೇರೆ ಬೇರೆ ಕೊಂಬೆಗಳು. ಆದರೆ ಅವುಗಳ ಕೇಬಲುಗಳು ಒಟ್ಟೊಟ್ಟಿಗೆ ಹಾದುಹೋಗಿದ್ದವು; ಬೆಂಕಿ ಕೇಬಲುಗಳ ಉದ್ದಕ್ಕೂ ಹರಿಯಿತು. ಕೆಲವೇ ನಿಮಿಷಗಳಲ್ಲಿ ಘಟಕವು ಕತ್ತಲಾಯಿತು. ಸುಮಾರು 17 ಗಂಟೆಗಳ ಕಾಲ ವಿದ್ಯುತ್ತಿರಲಿಲ್ಲ. ವಿಕಿರಣ ಹೊರಬೀಳಲಿಲ್ಲವೆಂಬುದು ಸಮಾಧಾನದ ಸಂಗತಿ. 2011ರ ಮಾರ್ಚ್ 11ರಂದು ಜಪಾನಿನ ಫುಕುಶಿಮಾದಲ್ಲಿ ಭೂಕಂಪದಿಂದ ಹೊರಗಿನ ವಿದ್ಯುತ್ತೂ ಹಿಂದೆಯೇ ಬಂದ ಸುನಾಮಿಯಿಂದ ಡೀಸೆಲ್ ಯಂತ್ರಗಳೂ ಹೋದಾಗ ಆ ಸಮಾಧಾನವೂ ಉಳಿಯಲಿಲ್ಲ.

ಕೈಗಾದಲ್ಲಿಯೂ ಒಂದು ಅವಘಡ ನಡೆದಿತ್ತು. 1994ರ ಮೇ 13ರಂದು, ಇನ್ನೂ ಕಟ್ಟುತ್ತಿದ್ದ ಮೊದಲ ಘಟಕದ ಒಳಗುಮ್ಮಟದ ಕಾಂಕ್ರೀಟು ಪದರವಾಗಿ ಕಳಚಿ ಬಿತ್ತು. ಆಗ ಅಲ್ಲಿ ಅಣು ಇಂಧನವಿರಲಿಲ್ಲ. ಗುಮ್ಮಟವನ್ನು ಹೊಸ ವಿನ್ಯಾಸದಿಂದ ಮರಳಿ ಕಟ್ಟಿದರು. 2000ನೆಯ ಇಸವಿಯಲ್ಲಿ ಆ ಘಟಕ ವಿದ್ಯುತ್ ಕೊಡಲಾರಂಭಿಸಿತು. ಅದೇ ಘಟಕವು ಮುಂದೆ 962 ದಿನ ಒಂದೇ ಸಮನೆ ಓಡಿ 2018ರ ಡಿಸೆಂಬರ್ 31ರಂದು ವಿಶ್ವದಾಖಲೆಯೊಂದಿಗೆ ವಿರಾಮ ಪಡೆಯಿತು. ಎರಡೂ ನಿಜ. ಅಪಘಾತದ ಸಮಯದಲ್ಲಿ ವಿಕಿರಣವನ್ನು ತಡೆಯತಕ್ಕ ಗುಮ್ಮಟವು, ಯಾವ ಅಪಘಾತವೂ ಇಲ್ಲದೆ, ಕಟ್ಟುವಾಗಲೇ ಬಿರಿಯುವುದೆಂಬ ಕೊಂಬೆಯನ್ನು ಯಾರು ತಾನೆ ಬರೆದಾರು? ಹಾಗೆಯೇ 962 ದಿನಗಳ ಓಟವು ಯಂತ್ರಗಳ ಮೂಲ ಅಂಕೆಗಳು ಒಳ್ಳೆಯವೆಂದು ಹೇಳುತ್ತದೆ. ಕೊಂಬೆಗಳ ಸ್ವಾತಂತ್ರ್ಯದ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ.

ರಾಸ್ಮುಸೆನ್ ವರದಿಯನ್ನು 1978ರಲ್ಲಿ ಪರಿಶೀಲಿಸಿದ ಹೆರಾಲ್ಡ್ ಲೂಯಿಸ್ ಸಮಿತಿಯ ತೀರ್ಮಾನವೂ ಈ ದಿಕ್ಕಿನದೇ. ದೋಷವೃಕ್ಷದ ಪದ್ಧತಿ ಸರಿ, ಅದನ್ನು ಇನ್ನಷ್ಟು ಬಳಸಬೇಕು. ಆದರೆ ಅಂಕೆಗಳ ಅನಿಶ್ಚಿತತೆಯನ್ನು ವರದಿಯು ಬಹಳ ಕಡಿಮೆಯಾಗಿ ಹೇಳಿದೆ ಎಂದಿತು ಸಮಿತಿ. ಮರುವರ್ಷ ಮಾರ್ಚಿನಲ್ಲಿ ಅಮೆರಿಕದ ತ್ರೀ ಮೈಲ್ ಐಲೆಂಡಿನಲ್ಲಿ ತಿರುಳು ಕರಗಿತು. ಆದ್ದರಿಂದ ‘ಲಕ್ಷದಲ್ಲಿ ಒಂದು’ ಎಂದು ಹೇಳುವವರೊಡನೆ ವಾದಿಸುವಾಗ, ಆ ಅಂಕೆ ಸುಳ್ಳೆನ್ನುವುದಕ್ಕಿಂತ, ‘ನಿಮ್ಮ ಮತ್ತು-ದ್ವಾರಗಳ ಪಟ್ಟಿ ಕೊಡಿ, ಪ್ರತಿಯೊಂದರ ಕೆಳಗಿನ ಕೊಂಬೆಗಳು ಒಂದೇ ಕೋಣೆಯಲ್ಲಿವೆಯೆ, ಒಂದೇ ಕೇಬಲು ದಾರಿಯಲ್ಲಿವೆಯೆ, ಒಂದೇ ಮಳೆಗೆ ಸಿಕ್ಕುತ್ತವೆಯೆ?’ ಎಂದು ಕೇಳುವುದು ಹೆಚ್ಚು ಉಪಯುಕ್ತವೆಂದು ನನ್ನ ಅಭಿಪ್ರಾಯ. ಈ ಪ್ರಶ್ನೆ ಕೇಳಲು ಇಂಜಿನಿಯರಿಂಗ್ ಪದವಿ ಬೇಡ. ನರೋರಾದ ಬಳಿಕ ನಮ್ಮ ದೇಶದ ಸ್ಥಾವರಗಳಲ್ಲಿ ಕೇಬಲುಗಳನ್ನು ಬೇರ್ಪಡಿಸಿ ಒಯ್ಯುವುದಕ್ಕೂ ನಡುವೆ ಬೆಂಕಿತಡೆ ಹಾಕುವುದಕ್ಕೂ ಒತ್ತು ಬಂದದ್ದು ಈ ಪ್ರಶ್ನೆಯಿಂದಲೇ.

ಒಂದು ಸಂಗತಿ ಉಳಿಯಿತು. ಆ ರಾತ್ರಿ ನರೋರಾವನ್ನು ಕಾಪಾಡಿದ್ದು ಮನುಷ್ಯರು. ಅವರು ಒಂದು ನಿಮಿಷದೊಳಗೆ ಕೈಯಾರೆ ಸ್ಥಾವರವನ್ನು ನಿಲ್ಲಿಸಿದರು. ಬೆಂಕಿ ಆರಿಸುವ ಡೀಸೆಲ್ ಪಂಪುಗಳ ನೀರನ್ನು ಉಗಿಪಾತ್ರೆಗಳಿಗೆ ತಿರುಗಿಸಿದರು. ಟಾರ್ಚಿನ ಬೆಳಕಿನಲ್ಲಿ ಮೇಲೆ ಹತ್ತಿ ಬೋರಾನ್ ದ್ರಾವಣವನ್ನು ಬಿಟ್ಟರು. ದೋಷವೃಕ್ಷದಲ್ಲಿ ಮನುಷ್ಯನಿಗೂ ಒಂದು ಕೊಂಬೆಯುಂಟು, ಅವನು ತಪ್ಪುವ ಸಂಭವಕ್ಕೂ ಒಂದು ಅಂಕೆಯನ್ನು ಬರೆಯಬೇಕು. ಸ್ವೇನ್ ಮತ್ತು ಗಟ್‌ಮನ್ ಎಂಬವರು 1983ರಲ್ಲಿ ಇದಕ್ಕಾಗಿಯೇ ಒಂದು ದೊಡ್ಡ ಕೈಪಿಡಿಯನ್ನು ರಚಿಸಿದರು. ದೀಪವನ್ನು ಸಾವಿರ ಗಂಟೆ ಉರಿಸಿ ಪರೀಕ್ಷಿಸುವಂತೆ ಮನುಷ್ಯನನ್ನು ಹೊಗೆಯಲ್ಲಿ ಸಾವಿರ ಸಲ ನಿಲ್ಲಿಸಿ ಪರೀಕ್ಷಿಸಲಾಗದು. ಅಲ್ಲಿನ ಅಂಕೆಗಳು ಬಹುಪಾಲು ಬಲ್ಲವರ ಅಂದಾಜಿನವು. ಅದರ ಲೆಕ್ಕವೇ ಬೇರೆ. ಸಂಪಾದಕರು ಸ್ಥಳ ಕೊಟ್ಟರೆ ಮುಂದಿನ ಸಂಚಿಕೆಯಲ್ಲಿ ಬರೆಯುವೆನು.